ಬಚ್ಚಲ ಬಾಗಿಲಲ್ಲಿ ಸಿಕ್ಕ ಸುಳಿವು: ಪಾರ್ಕಿನ್ಸನ್ ಇದ್ದ ಮೇಷ್ಟ್ರೊಬ್ಬರ ಪ್ರಕರಣ

ಎಂಟು ತಿಂಗಳು ನಾನು ತಪ್ಪು ದಾರಿ ಹಿಡಿದಿದ್ದ ಪ್ರಕರಣ ಇದು. ರೋಗಿಯ ಗುರುತು ಸಿಗಬಾರದೆಂದು ಊರು, ಮನೆಯ ವಿವರಗಳನ್ನು ಬದಲಾಯಿಸಿದ್ದೇನೆ. ಅವರನ್ನು ಇಲ್ಲಿ ಮೇಷ್ಟ್ರು ಅಂತಲೇ ಕರೆಯುತ್ತೇನೆ. ಕ್ಲಿನಿಕ್ಕಿನಲ್ಲೂ ಎಲ್ಲರೂ ಹಾಗೇ ಕರೆಯುತ್ತಿದ್ದರು.

ಮೇಷ್ಟ್ರು ಮಲೆನಾಡಿನವರು. ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ 60ಕ್ಕೆ ನಿವೃತ್ತರಾದವರು. ಮನೆ ಹಿಂದೆ ಎರಡೆಕರೆ ಅಡಿಕೆ ತೋಟ. ನಿವೃತ್ತಿಯ ಮರುವರ್ಷ, 2017ರಲ್ಲಿ, ಬಲಗೈ ನಡುಗಲು ಶುರುವಾಯಿತು. ಸುಮ್ನೆ ತೊಡೆ ಮೇಲೆ ಕೈ ಇಟ್ಟು ಕೂತಾಗ ನಡುಗುತ್ತಿತ್ತು, ಕಾಫಿ ಲೋಟ ಎತ್ತಿದರೆ ನಿಲ್ಲುತ್ತಿತ್ತು. ನಡೆಯುವಾಗ ಬಲಗೈ ಬೀಸುತ್ತಿರಲಿಲ್ಲ. ಒಂದು ಸಾಲು ಬರೆಸಿದೆ. ಶುರುವಿನಲ್ಲಿ ಕರಿಹಲಗೆಗೆ ಒಗ್ಗಿದ ದುಂಡು ಅಕ್ಷರ, ಸಾಲಿನ ಕೊನೆಗೆ ಬಂದಾಗ ಸಾಸಿವೆ ಕಾಳು. ಇದು ಪಾರ್ಕಿನ್ಸನ್ ಅನ್ನುವುದರಲ್ಲಿ ನನಗೆ ಅನುಮಾನ ಇರಲಿಲ್ಲ. ಇವತ್ತಿಗೂ ಇಲ್ಲ. ಈ ಕಥೆಯಲ್ಲಿ ಆ ರೋಗನಿರ್ಣಯ ಕೊನೆವರೆಗೂ ಸರಿಯಾಗಿಯೇ ಇತ್ತು. ತೊಂದರೆ ಆಗಿದ್ದೇ ಅದರಿಂದ.

ಲೆವೊಡೋಪಾ 100 ಮಿಲಿಗ್ರಾಂ ಇರುವ ಸಿಂಡೋಪಾ ಮಾತ್ರೆ, ದಿನಕ್ಕೆ ಮೂರು. ಚಲನೆಗೆ ಬೇಕಾದ ಡೋಪಮೀನ್ ಅನ್ನುವ ರಾಸಾಯನಿಕ ಪಾರ್ಕಿನ್ಸನ್‌ನಲ್ಲಿ ಮೆದುಳಿಗೆ ಸಾಲದಾಗುತ್ತದೆ, ಲೆವೊಡೋಪಾ ಅದನ್ನು ತುಂಬಿಕೊಡುತ್ತದೆ. ತಿಂಗಳು ಕಳೆದು ಬಂದವರು ನನ್ನ ಮೇಜಿನ ಮೇಲಿದ್ದ ಚೀಟಿ ಎಳೆದುಕೊಂಡು ಅ ಆ ಇ ಈ ಬರೆದು ತೋರಿಸಿದರು. ಲೆವೊಡೋಪಾಕ್ಕೆ ಹೀಗೆ ಚೆನ್ನಾಗಿ ಮಣಿಯುವುದು ಪಾರ್ಕಿನ್ಸನ್ ಇದೆ ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ. ಮುಂದಿನ ಐದು ವರ್ಷ ಹೇಳುವಂಥದ್ದೇನೂ ಆಗಲಿಲ್ಲ. ಮಾತ್ರೆ ಮೂರಿದ್ದದ್ದು ನಾಲ್ಕಾಯಿತು, ಅಷ್ಟೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರು, ಹತ್ತು ವರ್ಷದಿಂದ. ಬೆಳಗ್ಗೆ ಎದ್ದ ಕೂಡಲೇ ಒಂದು ಗ್ಯಾಸ್ ಮಾತ್ರೆ, ಅದೂ ವರ್ಷಗಳಿಂದ. ಮೀನು ಮೊಟ್ಟೆ ಮುಟ್ಟದ ಮನೆ. ಈ ಮೂರು ವಿಷಯವೂ ನನ್ನ ಕಡತದಲ್ಲಿ ಬರೆದಿತ್ತು. ಬರೆದದ್ದು ನಾನೇ.

2022ರ ಮಳೆಗಾಲ

ಆ ಸಲ ಮೇಷ್ಟ್ರ ಜೊತೆ ಅವರ ಹೆಂಡತಿ, ಸೊಸೆ ಇಬ್ಬರೂ ಬಂದಿದ್ದರು. ಕಾಲು ಎತ್ತಿಡೋಕೆ ಆಗ್ತಿಲ್ಲ ಅಂದರು ಮೇಷ್ಟ್ರು. ಎರಡು ಸಲ ಬಿದ್ದಿದ್ದರು. ಒಮ್ಮೆ ಅಂಗಳದಲ್ಲಿ, ಇನ್ನೊಮ್ಮೆ ರಾತ್ರಿ ಕರೆಂಟು ಹೋದಾಗ ನಡುಮನೆಯಲ್ಲಿ. ಆಷಾಢದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಯಾರು ಬೀಳಲ್ಲ, ಅಲ್ವಾ? ಹಾಗಂತ ನಾನೇ ನಕ್ಕು ಹೇಳಿದ್ದು ನೆನಪಿದೆ. ಕರೆಂಟು ಹೋದಾಗ ಬಿದ್ದದ್ದರ ಬಗ್ಗೆ ಏನೂ ಕೇಳಲಿಲ್ಲ.

ಪಾರ್ಕಿನ್ಸನ್ ಐದಾರು ವರ್ಷ ದಾಟಿದ ಮೇಲೆ ಕೆಲವರಿಗೆ ನಡೆಯುವಾಗ ಕಾಲು ನೆಲಕ್ಕೆ ಅಂಟಿದಂತಾಗುತ್ತದೆ. ಬಾಗಿಲು ದಾಟುವಾಗ, ತಿರುಗುವಾಗ ಹಾಗೇ ನಿಂತುಬಿಡುತ್ತಾರೆ. ಮೇಷ್ಟ್ರಿಗೂ ಅದೇ ಶುರುವಾಗಿದೆ ಅಂದುಕೊಂಡೆ. ಸಿಂಡೋಪಾ ಐದಕ್ಕೇರಿಸಿದೆ. ಎರಡು ತಿಂಗಳ ಮೇಲೆ, ಪ್ರತಿ ಮಾತ್ರೆಯ ಕೆಲಸ ಇನ್ನಷ್ಟು ಹೊತ್ತು ಉಳಿಯಲಿ ಅಂತ ಎಂಟಕಪೋನ್ ಸೇರಿಸಿದೆ.

ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದ್ದೆ ಅಂದುಕೊಂಡಿದ್ದೆ. ಗ್ಯಾಸ್ ಮಾತ್ರೆಯ ಸ್ಟ್ರಿಪ್ ಕೇಳಿ ನೋಡಿದೆ. ನಮ್ಮಲ್ಲಿ ಗ್ಯಾಸ್ ಮಾತ್ರೆ ಅಂತ ಕೊಡುವ ಎಷ್ಟೋ ಸ್ಟ್ರಿಪ್‌ಗಳಲ್ಲಿ ಆಮ್ಲ ಇಳಿಸುವ ಔಷಧದ ಜೊತೆ ಲೆವೊಸಲ್ಪಿರೈಡ್ ಸೇರಿರುತ್ತದೆ. ಅದು ಮೆದುಳಿನಲ್ಲಿ ಡೋಪಮೀನ್‌ಗೆ ಅಡ್ಡ ನಿಲ್ಲುತ್ತದೆ. ಪಾರ್ಕಿನ್ಸನ್ ಇಲ್ಲದವರಿಗೂ ಪಾರ್ಕಿನ್ಸನ್ ಥರದ್ದೇ ನಡುಕ, ಬಿಗಿತ ತರಬಲ್ಲದು. ತಲೆಸುತ್ತಿಗೆ ಕೊಡುವ ಸಿನ್ನರಿಜಿನ್ ಕೂಡ ಇದೇ ಜಾತಿ. ಮೇಷ್ಟ್ರ ಸ್ಟ್ರಿಪ್‌ನಲ್ಲಿ ಇದ್ದದ್ದು ಪ್ಯಾಂಟೊಪ್ರಜೋಲ್ ಮತ್ತು ಡೊಂಪೆರಿಡೋನ್. ಡೊಂಪೆರಿಡೋನ್ ಮೆದುಳಿನೊಳಕ್ಕೆ ಅಷ್ಟಾಗಿ ಹೋಗುವುದಿಲ್ಲ. ತೊಂದರೆ ಇಲ್ಲ ಅಂತ ಸ್ಟ್ರಿಪ್ ವಾಪಸ್ ಕೊಟ್ಟೆ.

ಡಿಸೆಂಬರ್‌ನಲ್ಲಿ ಬಂದಾಗ ಮೇಷ್ಟ್ರ ಕುತ್ತಿಗೆ, ಭುಜ ತಾವಾಗಿಯೇ ತೂಗಾಡುತ್ತಿದ್ದವು. "ಮಾವ ಕೂತಲ್ಲೇ ಕುಣೀತಾರೆ" ಅಂದಳು ಸೊಸೆ. ಲೆವೊಡೋಪಾ ಜಾಸ್ತಿಯಾದಾಗ ಬರುವ ಡಿಸ್ಕೈನೇಸಿಯಾ ಅದು. ಕೈ ಬೆರಳುಗಳ ವೇಗ ಚೆನ್ನಾಗಿತ್ತು. ಮುಖದಲ್ಲಿ ಗೆಲುವಿತ್ತು. ಅಂದರೆ ಔಷಧ ಮೆದುಳಿಗೆ ಬೇಕಾದ್ದಕ್ಕಿಂತ ಹೆಚ್ಚೇ ಮುಟ್ಟುತ್ತಿದೆ. ಕಾಲು ಮಾತ್ರ ಇದ್ದಲ್ಲೇ ಇದೆ. ಅವತ್ತೇ ನಾನು ಪೆನ್ನು ಕೆಳಗಿಡಬೇಕಿತ್ತು. ಬದಲಿಗೆ ಮಾತ್ರೆಯ ಹೊತ್ತು ಹಿಂದೆ ಮುಂದೆ ಮಾಡಿದೆ, ಫಿಸಿಯೋಥೆರಪಿಗೆ ಬರೆದೆ, "ವಯಸ್ಸಾಯ್ತಲ್ಲ ಮೇಷ್ಟ್ರೇ, ರೋಗ ಸ್ವಲ್ಪ ಮುಂದುವರಿದಿದೆ" ಅಂದೆ. ಪಾರ್ಕಿನ್ಸನ್ ಮುಂದುವರಿಯುವ ರೋಗ ತಾನೇ, ಆ ಮಾತಿಗೆ ಎದುರಾಡುವವರು ಯಾರಿದ್ದಾರೆ?

ಅದೇ ಭೇಟಿಯಲ್ಲಿ ಅವರು ಇನ್ನೂ ಎರಡು ವಿಷಯ ಹೇಳಿದ್ದರು. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳಬೇಕು, ಒಂದೊಂದು ಸಲ ತಡೆಯೋಕೇ ಆಗಲ್ಲ. ಅದನ್ನು ಪ್ರಾಸ್ಟೇಟ್ ಅಂತ ಬೇರೆ ಡಾಕ್ಟರು ನೋಡುತ್ತಿದ್ದರು. ಇನ್ನೊಂದು, ಅಡಿಕೆ ಸುಲಿಯೋಕೆ ಕೂತರೆ ಬೆರಳು "ಮಂದ" ಅನಿಸುತ್ತದೆ ಅಂದಿದ್ದರು. ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿಯುವವರು ಕೈ ನೋಡುವುದಿಲ್ಲ, ಮಾತಾಡುತ್ತಲೇ ಸುಲಿಯುತ್ತಾರೆ. ಮೇಷ್ಟ್ರಿಗೆ ಈಗ ಕೈಯಲ್ಲಿ ಅಡಿಕೆ ಇದೆಯೋ ಬಿದ್ದು ಹೋಯಿತೋ ಅಂತ ಬಗ್ಗಿ ನೋಡಬೇಕಾಗುತ್ತಿತ್ತು. ನಾನು ಕಡತದಲ್ಲಿ ಬರೆದುಕೊಂಡದ್ದು "ಕೈ ನಿಧಾನ" ಅಂತ. ನಿಧಾನ ಬೇರೆ, ಮಂದ ಬೇರೆ. ಕನ್ನಡದಲ್ಲಿ ಸ್ಪಷ್ಟವಾಗಿ ಹೇಳಿದ್ದನ್ನು ನಾನು ಪಾರ್ಕಿನ್ಸನ್ ಭಾಷೆಗೆ ತಿರುಗಿಸಿಕೊಂಡಿದ್ದೆ.

ಬಚ್ಚಲ ಮಾತು

2023ರ ಫೆಬ್ರವರಿ ಕೊನೆ. ಚೀಟಿ ಬರೆದು ಮುಗಿದಿತ್ತು. ಎದ್ದು ಹೊರಟ ಹೆಂಡತಿ ಬಾಗಿಲ ಹತ್ತಿರ ನಿಂತು ಹೇಳಿದರು: "ಇವರು ಸ್ನಾನಕ್ಕೆ ಹೋದ್ರೆ ನಾನು ಬಚ್ಚಲ ಬಾಗಿಲಲ್ಲೇ ನಿಂತಿರ್ತೀನಿ ಡಾಕ್ಟ್ರೇ. ಚಿಲಕ ಹಾಕೋಕೆ ಬಿಡಲ್ಲ. ತಲೆಗೆ ನೀರು ಹೊಯ್ಕೊಂಡು ಕಣ್ಣು ಮುಚ್ಚಿದ ಕೂಡ್ಲೇ ವಾಲ್ತಾರೆ."

ಕಣ್ಣು ಮುಚ್ಚಿದರೆ ವಾಲುವುದು ಪಾರ್ಕಿನ್ಸನ್ ಲಕ್ಷಣ ಅಲ್ಲ. ನಾವು ನೆಟ್ಟಗೆ ನಿಲ್ಲುವುದು ಮೂರು ಕಡೆಯ ಸುದ್ದಿಯಿಂದ: ಕಣ್ಣು, ಒಳಗಿವಿ, ಮತ್ತೆ ಅಂಗಾಲು ಮತ್ತು ಕೀಲುಗಳಿಂದ ಬೆನ್ನುಹುರಿಯ ಹಿಂಭಾಗದ ಮೂಲಕ ಮೇಲಕ್ಕೆ ಹೋಗುವ ಸುದ್ದಿ. ಮೂರನೆಯದು ಕೈಕೊಟ್ಟರೆ ಜನ ಕಣ್ಣಿನ ಆಸರೆಯಲ್ಲೇ ನಿಂತಿರುತ್ತಾರೆ. ಕತ್ತಲಾದರೆ, ಕಣ್ಣು ಮುಚ್ಚಿದರೆ ಬೀಳುತ್ತಾರೆ. ಕರೆಂಟು ಹೋದ ರಾತ್ರಿ ಮೇಷ್ಟ್ರು ಬಿದ್ದದ್ದು ಆಗ ನೆನಪಾಯಿತು.

"ಮೇಷ್ಟ್ರೇ, ಹವಾಯಿ ಚಪ್ಪಲಿ ಕಾಲಿಂದ ಜಾರಿದ್ರೆ ಗೊತ್ತಾಗುತ್ತಾ?" ಅಂತ ಕೇಳಿದೆ.

"ಇಲ್ಲ. ಹಿಂದೆ ಬರೋರು ಕೂಗಿ ಹೇಳಬೇಕು" ಅಂದರು.

ಮತ್ತೆ ಒಳಗೆ ಕರೆದು ಮಂಚದ ಮೇಲೆ ಕೂರಿಸಿದೆ. ಕಡತ ತಿರುವಿದೆ. ನಾನು ಅವರ ಕಾಲಿಗೆ ಸುತ್ತಿಗೆ ಮುಟ್ಟಿಸಿದ್ದು 2017ರಲ್ಲಿ, ಮೊದಲ ದಿನ. ಆಮೇಲೆ ಪ್ರತಿ ಸಲವೂ ನೋಡಿದ್ದು ನಡುಕ, ಮಣಿಕಟ್ಟಿನ ಬಿಗಿತ, ಬೆರಳಿನ ವೇಗ, ನಾಲ್ಕು ಹೆಜ್ಜೆ ನಡಿಗೆ. ಪಾರ್ಕಿನ್ಸನ್ ರೋಗಿಯಲ್ಲಿ ಪಾರ್ಕಿನ್ಸನ್ ಹುಡುಕಿದರೆ ಸಿಗದೆ ಇರುತ್ತದಾ?

ಮೊದಲು ನಡಿಗೆ. ಇಪ್ಪತ್ತು ಅಡಿ ಉದ್ದದ ವರಾಂಡದಲ್ಲಿ ನಡೆಸಿದೆ. ಪಾರ್ಕಿನ್ಸನ್ ನಡಿಗೆಯಲ್ಲಿ ಸಾಮಾನ್ಯವಾಗಿ ಎರಡೂ ಪಾದ ಹತ್ತಿರ ಹತ್ತಿರ ಇರುತ್ತವೆ, ಹೆಜ್ಜೆ ಸಣ್ಣದು, ನೆಲ ಸವರಿಕೊಂಡು ಹೋಗುತ್ತದೆ. ಮೇಷ್ಟ್ರ ಪಾದಗಳು ಅಗಲಕ್ಕಿದ್ದವು. ದೋಣಿಯಲ್ಲಿ ನಿಂತವರ ಹಾಗೆ. ಕಾಲು ಕೋಲಿನಂತೆ ಸೆಟೆದಿತ್ತು. ಬಾಗಿಲು ದಾಟುವಾಗ ಸಿಕ್ಕಿಕೊಳ್ಳಲಿಲ್ಲ. ಕಾಲು ಅಂಟುವವರಿಗೆ ನೆಲದ ಮೇಲೆ ಅಡ್ಡ ಗೆರೆ ಹಾಕಿ ದಾಟಿ ಅಂದರೆ ಎಷ್ಟೋ ಸಲ ಸಲೀಸಾಗಿ ದಾಟುತ್ತಾರೆ. ಟೇಪು ಅಂಟಿಸಿ ನೋಡಿದೆ. ಏನೂ ವ್ಯತ್ಯಾಸ ಆಗಲಿಲ್ಲ.

ಆಮೇಲೆ ಸುತ್ತಿಗೆ. ಮಂಡಿಗೆ ತಟ್ಟಿದರೆ ಕಾಲು ಒದೆಯುವಷ್ಟು ಚುರುಕು. ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವಿಗೆ ತಟ್ಟಿದರೆ ಏನೂ ಇಲ್ಲ. ಅಂಗಾಲಿನ ಹೊರ ಅಂಚಿನಲ್ಲಿ ಕೀಲಿಕೈ ಎಳೆದಾಗ ಹೆಬ್ಬೆರಳು ನಿಧಾನಕ್ಕೆ ಮೇಲಕ್ಕೆ ಬಾಗಿತು. ದೊಡ್ಡವರಲ್ಲಿ ಅದು ಕೆಳಕ್ಕೆ ಬಾಗಬೇಕು; ಮೇಲಕ್ಕೆ ಬಾಗಿದರೆ ಮೆದುಳು ಅಥವಾ ಬೆನ್ನುಹುರಿಯ ದಾರಿಯಲ್ಲಿ ಪೆಟ್ಟಿದೆ ಅಂತ. ಇಲ್ಲಿ ಒಂದು ಎಚ್ಚರ ಬೇಕು. ಪಾರ್ಕಿನ್ಸನ್‌ನಲ್ಲೂ ಕೆಲವರ ಹೆಬ್ಬೆರಳು ಮೇಲೆ ನಿಂತಿರುತ್ತದೆ, ಆದರೆ ಅದು ಯಾರೂ ಮುಟ್ಟದೆ ತಾನಾಗಿ ನಿಂತಿರುವುದು. ಇವರದ್ದು ಹಾಗಿರಲಿಲ್ಲ.

ಕೈಯಲ್ಲಿ ಸಿಕ್ಕಿದ್ದು ಇನ್ನೂ ಮುಖ್ಯ. ಮುಂಗೈಯ ಹೆಬ್ಬೆರಳ ಕಡೆ, ಮಣಿಕಟ್ಟಿಗಿಂತ ಸ್ವಲ್ಪ ಮೇಲೆ ತಟ್ಟಿದರೆ ಮೊಣಕೈ ಮಡಿಚಬೇಕು. ಮೇಷ್ಟ್ರ ಮೊಣಕೈ ಅಲ್ಲಾಡಲಿಲ್ಲ. ಬದಲಿಗೆ ಬೆರಳುಗಳು ಮಡಿಚಿಕೊಂಡವು. ತಟ್ಟಿದ್ದು ಒಂದು ಬಾಗಿಲು, ತೆರೆದದ್ದು ಪಕ್ಕದ ಮನೆಯದ್ದು. ಕತ್ತಿನ ಐದು, ಆರನೇ ನರಗಳ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾದಾಗ ಹೀಗಾಗುತ್ತದೆ. ಅಂಗೈ ಕೆಳಗೆ ಮಾಡಿ ಬೆರಳು ಜೋಡಿಸಿ ಚಾಚಿ ಅಂದೆ. ಕಿರುಬೆರಳು ತನ್ನಷ್ಟಕ್ಕೆ ಹೊರಕ್ಕೆ ಸರಿಯಿತು. ಮೇಷ್ಟ್ರಿಗೆ ಗೊತ್ತಾಗಲಿಲ್ಲ, ಹೆಂಡತಿ ನೋಡಿದರು.

ಟ್ಯೂನಿಂಗ್ ಫೋರ್ಕ್ ತಟ್ಟಿ, ಅದರ ಕಂಪನ ಗೊತ್ತಾಗುತ್ತದಾ ಅಂತ ಕಾಲಿನ ಹೆಬ್ಬೆರಳು, ಹರಡು, ಮಂಡಿ ಮೇಲೆ ಇಟ್ಟೆ. ಮಂಡಿಯಲ್ಲಿ "ಸಣ್ಣಗೆ ಜುಮ್" ಅಂದರು. ಕೆಳಗೆ ಎಲ್ಲೂ ಇಲ್ಲ.

ಈ ಪರೀಕ್ಷೆಗೆಲ್ಲ ಹಿಡಿದದ್ದು ಇಪ್ಪತ್ತೈದು ನಿಮಿಷ. ಹೊರಗೆ ಕಾದಿದ್ದವರು ಗೊಣಗುತ್ತಿದ್ದರು.

ಮಾತ್ರೆ ಇಲ್ಲದ ಬೆಳಗು

ಮಾರನೇ ವಾರ ರಾತ್ರಿಯ ಮಾತ್ರೆ ಆದ ಮೇಲೆ ಏನೂ ನುಂಗದೆ ಬೆಳಗ್ಗೆ ಬನ್ನಿ ಅಂದಿದ್ದೆ. ಹನ್ನೆರಡು ಗಂಟೆ ಔಷಧ ಇಲ್ಲದ ಮೇಷ್ಟ್ರು ಒಳಗೆ ಬಂದಾಗ 2017ರ ಮೇಷ್ಟ್ರೇ: ಬಲಗೈ ನಡುಕ, ಕಳೆಯಿಲ್ಲದ ಮುಖ, ಸಣ್ಣ ಧ್ವನಿ. ಹತ್ತು ಮೀಟರ್ ನಡೆಯಲು 19 ಸೆಕೆಂಡ್. ಮಾತ್ರೆ ಕೊಟ್ಟು ಒಂದು ಗಂಟೆ ಬಿಟ್ಟು ಮತ್ತೆ ನೋಡಿದೆ. ನಡುಕ ಇಳಿದಿತ್ತು, ಬೆರಳು ಓಡುತ್ತಿತ್ತು, ಧ್ವನಿ ಎದ್ದಿತ್ತು. ನಡಿಗೆ 18 ಸೆಕೆಂಡ್. ಮಾತ್ರೆಗೆ ಮಣಿದ ಭಾಗವೆಲ್ಲ ಪಾರ್ಕಿನ್ಸನ್‌ನದ್ದು. ಕಾಲಿನ ಲೆಕ್ಕ ಬೇರೆ ಯಾರದ್ದೋ. ಪಾರ್ಕಿನ್ಸನ್‌ನದ್ದೇ ಆದ ಕೆಲವು ನಡಿಗೆ ತೊಂದರೆಗಳೂ ಮಾತ್ರೆಗೆ ಮಣಿಯುವುದಿಲ್ಲ, ನಿಜ. ಆದರೆ ಅಂಥವರ ಮಂಡಿ ಹೀಗೆ ಒದೆಯುವುದಿಲ್ಲ.

ರಕ್ತದ ವರದಿ ಮೊದಲು ಬಂತು. ವಿಟಮಿನ್ ಬಿ12 ಮಟ್ಟ 130ರ ಆಸುಪಾಸು. 200ಕ್ಕಿಂತ ಕೆಳಗಿದ್ದರೆ ಕಡಿಮೆ ಅನ್ನುತ್ತೇವೆ. ಬಿ12 ಕೊರತೆ ಬೆನ್ನುಹುರಿಯ ಹಿಂಭಾಗವನ್ನೂ ಕಾಲಿನ ನರಗಳನ್ನೂ ಎರಡನ್ನೂ ಕೆಡಿಸುತ್ತದೆ. ಮಂಡಿ ಚುರುಕು, ಹಿಮ್ಮಡಿ ಮೌನ, ಹೆಬ್ಬೆರಳು ಮೇಲಕ್ಕೆ, ಕಣ್ಣು ಮುಚ್ಚಿದರೆ ವಾಲುವುದು, ಎಲ್ಲವನ್ನೂ ಅದೊಂದೇ ವಿವರಿಸಬಲ್ಲದು. ಸಸ್ಯಾಹಾರ, ಮೆಟ್‌ಫಾರ್ಮಿನ್, ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್ ಮೂರೂ ಬಿ12 ಇಳಿಸುತ್ತವೆ. ಲೆವೊಡೋಪಾ ಕೂಡ ದೇಹದಲ್ಲಿ ಕರಗುವಾಗ ಬಿ12 ನಡೆಸುವ ಅದೇ ರಾಸಾಯನಿಕ ಚಕ್ರದಿಂದ ಎಳೆದುಕೊಂಡು, ಬಿ12 ಸಾಲದಾದಾಗ ರಕ್ತದಲ್ಲಿ ಏರುವ ಹೋಮೋಸಿಸ್ಟೀನ್ ಅನ್ನೇ ಏರಿಸುತ್ತದೆ. ನಾನು ತೊಂದರೆ ಇಲ್ಲ ಅಂತ ವಾಪಸ್ ಕೊಟ್ಟ ಗ್ಯಾಸ್ ಮಾತ್ರೆಯ ಸ್ಟ್ರಿಪ್ ಇಲ್ಲಿ ಮತ್ತೆ ಎದುರಾಯಿತು. ಅವತ್ತು ಅದನ್ನು ಕೇಳಿದ್ದು ಒಂದೇ ಪ್ರಶ್ನೆ: ನೀನು ಡೋಪಮೀನ್‌ಗೆ ಅಡ್ಡ ಬರ್ತೀಯಾ?

ಉತ್ತರ ಸಿಕ್ಕಿತು ಅಂತ ಇಲ್ಲಿಗೇ ನಿಲ್ಲಿಸುವ ಆಸೆ ಆಯಿತು, ಸುಳ್ಳು ಹೇಳುವುದಿಲ್ಲ. ಎಂಟು ತಿಂಗಳು ಎಲ್ಲವನ್ನೂ ಪಾರ್ಕಿನ್ಸನ್ ಮೇಲೆ ಹೊರಿಸಿದವನು ಈಗ ಎಲ್ಲವನ್ನೂ ಬಿ12 ಮೇಲೆ ಹೊರಿಸಲು ತಯಾರಾಗಿದ್ದೆ. ತಡೆದದ್ದು ಆ ಕೈ. ಮುಂಗೈಗೆ ತಟ್ಟಿದರೆ ಬೆರಳು ಮಡಿಚುವುದನ್ನು ಬಿ12 ಕೊರತೆ ಮಾಡುವುದಿಲ್ಲ. ಅದಕ್ಕೆ ಕತ್ತಿನಲ್ಲಿ, ಒಂದು ನಿರ್ದಿಷ್ಟ ಮಟ್ಟದಲ್ಲಿ ಏನಾದರೂ ಇರಲೇಬೇಕು.

ಕತ್ತಿನ ಎಂ.ಆರ್.ಐ. ಮೊದಲ ಸಲ ಹಾಳಾಯಿತು. ಡಿಸ್ಕೈನೇಸಿಯಾದಿಂದ ಕುತ್ತಿಗೆ ಅಲ್ಲಾಡಿ ಚಿತ್ರವೆಲ್ಲ ಮಸುಕು. ಮಾತ್ರೆಯ ಜೋರು ಇಳಿದಿರುವ ಹೊತ್ತು ನೋಡಿ ಎರಡನೇ ಸಲ ಮಾಡಿಸಿದೆವು. ಕತ್ತಿನ ಐದು ಮತ್ತು ಆರನೇ ಮೂಳೆಗಳ ನಡುವಿನ ಡಿಸ್ಕ್ ಹಿಂದಕ್ಕೆ ಉಬ್ಬಿತ್ತು. ಅದರ ಜೊತೆ ಮೂಳೆಯ ಅಂಚೂ ಬೆಳೆದು ಬೆನ್ನುಹುರಿಯನ್ನು ಒತ್ತಿ ಚಪ್ಪಟೆ ಮಾಡಿದ್ದವು. ಒತ್ತಿದ ಜಾಗದಲ್ಲಿ ಹುರಿಯೊಳಗೆ ಬಿಳಿ ಕಲೆ.

ಅಂದರೆ ಒಂದೇ ದೇಹದಲ್ಲಿ ಮೂರು. ಮೆದುಳಿನಲ್ಲಿ ಪಾರ್ಕಿನ್ಸನ್. ಕತ್ತಿನಲ್ಲಿ ಬೆನ್ನುಹುರಿ ಒತ್ತಡ. ಕಾಲಿನ ನರಗಳಲ್ಲಿ ಬಿ12 ಕೊರತೆ ಮತ್ತು ಸಕ್ಕರೆ ಕಾಯಿಲೆ ಕೂಡಿ ಮಾಡಿದ ಹಾನಿ. ಮೂರೂ ನಡಿಗೆ ಕೆಡಿಸುತ್ತವೆ, ಒಂದೊಂದು ಒಂದೊಂದು ರೀತಿಯಲ್ಲಿ.

ಒಂದು ಹಳೆಯ ತಮಾಷೆ

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ರೋಗದ ಬಗ್ಗೆ ಬರೆದಾಗ ಆಧಾರವಾಗಿದ್ದದ್ದು ಆರೇ ಜನ. ಅದರಲ್ಲಿ ಕೆಲವರು ಬೀದಿಯಲ್ಲಿ ಕಂಡವರು. ಇಷ್ಟು ಎಲ್ಲರಿಗೂ ಗೊತ್ತು. ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು ಏನೆಂದರೆ, ರೋಗದ ಮೂಲ ಕತ್ತಿನ ಮೇಲ್ಭಾಗದ ಬೆನ್ನುಹುರಿಯಲ್ಲಿದೆ ಅಂತ ಆತ ಊಹಿಸಿದ್ದ. ಅದು ತಪ್ಪು. ಮೆದುಳಿನ ಕಾಂಡದಲ್ಲಿರುವ ಕಪ್ಪು ಬಣ್ಣದ ಸಣ್ಣ ಜಾಗದ ಜೀವಕೋಶಗಳು ಸಾಯುತ್ತವೆ ಅಂತ ತ್ರೆತ್ಯಾಕೊಫ್ ಅನ್ನುವ ನರರೋಗ ತಜ್ಞ ತೋರಿಸಿದ್ದು 1919ರಲ್ಲಿ. ಮೇಷ್ಟ್ರ ಸ್ಕ್ಯಾನ್ ನೋಡುತ್ತಾ ಪಾರ್ಕಿನ್ಸನ್ ನೆನಪಾದ. ಆತ ಕತ್ತಿನಲ್ಲಿ ಹುಡುಕಿದ, ರೋಗ ತಲೆಯಲ್ಲಿತ್ತು. ನಾನು ತಲೆಯಲ್ಲಿ ಹುಡುಕುತ್ತಾ ಕೂತಿದ್ದೆ.

ಕತ್ತು ಸುಮ್ಮನಿರದ ರೋಗಗಳಲ್ಲಿ ಕತ್ತಿನ ಮೂಳೆ ಬೇಗ ಸವೆಯುತ್ತದೆ. ಹುಟ್ಟಿನಿಂದ ಅಥೆಟಾಯ್ಡ್ ಸೆರೆಬ್ರಲ್ ಪಾಲ್ಸಿ (ಕೈಕಾಲು, ಕತ್ತು ತಾವಾಗಿಯೇ ಹೊರಳಾಡುವ ಮೆದುಳಿನ ತೊಂದರೆ) ಇರುವವರಲ್ಲಿ ಚಿಕ್ಕ ವಯಸ್ಸಿಗೇ ಬೆನ್ನುಹುರಿ ಒತ್ತಡ ಬರುವುದು ಚೆನ್ನಾಗಿ ಗೊತ್ತಿರುವ ಸಂಗತಿ. ಅವರ ಕಾಲು ಮೊದಲಿನಿಂದಲೂ ಸೆಟೆದಿರುವುದರಿಂದ ಹೊಸ ಸೆಡೆತ ಯಾರ ಕಣ್ಣಿಗೂ ಬೀಳುವುದಿಲ್ಲ. ತಡೆಯಲಾಗದೆ ಮತ್ತೆ ಮತ್ತೆ ಕತ್ತು ಜೋರಾಗಿ ಕೊಡವುವ ಟಿಕ್ಸ್ ಇರುವವರಲ್ಲೂ ಹೀಗಾದದ್ದುಂಟು. ಡಿಸ್ಕೈನೇಸಿಯಾ ಇದ್ದ ಮೇಷ್ಟ್ರ ಕತ್ತಿನ ಮೇಲೆ ನನ್ನ ಐದನೇ ಮಾತ್ರೆಯ ಭಾರ ಎಷ್ಟು ಬಿತ್ತೋ ಅಂತ ಈಗಲೂ ಯೋಚನೆ ಬರುತ್ತದೆ.

ಇನ್ನು ಬಿದ್ದವರ ವಿಷಯ. ಪಾರ್ಕಿನ್ಸನ್ ಇರುವವರು ಬೀಳುತ್ತಾರೆ. ಬಿದ್ದು ಎರಡು ಮೂರು ವಾರದ ಮೇಲೆ ಮಂಕಾದರೆ, ಜಾಸ್ತಿ ನಿದ್ದೆ ಮಾಡಿದರೆ, ಒಂದು ಪಕ್ಕ ಸೋತರೆ, ತಲೆಬುರುಡೆಯೊಳಗೆ ನಿಧಾನಕ್ಕೆ ರಕ್ತ ಕಟ್ಟಿರಬಹುದು. ರಕ್ತ ತೆಳುವಾಗುವ ಮಾತ್ರೆ ನುಂಗುವವರಲ್ಲಿ ಇನ್ನೂ ಹೆಚ್ಚು. ಅದನ್ನೂ ಮನೆಯವರು, ಕೆಲವೊಮ್ಮೆ ನಾವೂ, ಪಾರ್ಕಿನ್ಸನ್ ಅಂದುಬಿಡುತ್ತೇವೆ. ಪಾರ್ಕಿನ್ಸನ್ ತಿಂಗಳು, ವರ್ಷಗಳ ಲೆಕ್ಕದಲ್ಲಿ ಕೆಡುತ್ತದೆ. ವಾರದಲ್ಲಿ ಕೆಟ್ಟಿದ್ದು ಇನ್ನೇನೋ.

ಆಪರೇಷನ್ನು, ಆಮೇಲೆ

ಆಪರೇಷನ್ ದೊಡ್ಡ ಊರಿನ ಆಸ್ಪತ್ರೆಯಲ್ಲಿ ಆಯಿತು. ಕತ್ತಿನ ಮುಂಭಾಗದಿಂದ ಹೋಗಿ ಡಿಸ್ಕ್ ತೆಗೆದು ಮೂಳೆ ಬೆಸೆದರು. ಅದಕ್ಕೆ ಮುಂಚೆ ಬಿ12 ಸೂಜಿ ಹಾಕಿಸಿದ್ದೆವು. ಅರಿವಳಿಕೆ ಕೊಡುವ ಡಾಕ್ಟರಿಗೆ ನಾನೇ ಫೋನ್ ಮಾಡಿದೆ. ಬಿ12 ಕಡಿಮೆ ಇರುವವರಿಗೆ ನೈಟ್ರಸ್ ಆಕ್ಸೈಡ್ ಕೊಟ್ಟರೆ ಉಳಿದಿರುವ ಬಿ12 ಕೂಡ ನಿಷ್ಕ್ರಿಯವಾಗಿ ಬೆನ್ನುಹುರಿ ಇನ್ನಷ್ಟು ಕೆಡಬಹುದು, ಅದು ಬೇಡ. ವಾಂತಿಗೆ ಪೆರಿನಾರ್ಮ್ ಬೇಡ, ರಾತ್ರಿ ಗೊಂದಲಗೊಂಡರೆ ಹ್ಯಾಲೊಪೆರಿಡಾಲ್ ಬೇಡ, ಎರಡೂ ಡೋಪಮೀನ್‌ಗೆ ಅಡ್ಡ. ಉಪವಾಸ ಅಂತ ಸಿಂಡೋಪಾ ನಿಲ್ಲಿಸುವುದು ಬೇಡ, ಎರಡು ಗುಟುಕು ನೀರಲ್ಲಿ ಹೊತ್ತಿಗೆ ಸರಿಯಾಗಿ ಕೊಡಿ. ಸೊಸೆ ಮಾತ್ರೆಯ ಹೊತ್ತನ್ನು ಬಿಳಿ ಹಾಳೆಯಲ್ಲಿ ದೊಡ್ಡದಾಗಿ ಬರೆದು ಮಂಚದ ತಲೆಗಡೆ ಅಂಟಿಸಿದಳು. ವಾರ್ಡಿನಲ್ಲಿ ಅದರಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ.

ಆರು ತಿಂಗಳ ಮೇಲೆ ಮೇಷ್ಟ್ರು ಬಂದರು. ಸಿಂಡೋಪಾ ಮತ್ತೆ ನಾಲ್ಕಕ್ಕೆ ಇಳಿದಿತ್ತು, ಎಂಟಕಪೋನ್ ನಿಂತಿತ್ತು, ಕುಣಿತ ಇರಲಿಲ್ಲ. ರಾತ್ರಿ ನಾಲ್ಕು ಸಲ ಏಳುತ್ತಿದ್ದವರು ಈಗ ಎರಡು ಸಲ. ಹತ್ತು ಮೀಟರಿಗೆ 13 ಸೆಕೆಂಡ್. ಹಿಮ್ಮಡಿ ಇನ್ನೂ ಮೌನವಾಗಿಯೇ ಇದೆ, ಟ್ಯೂನಿಂಗ್ ಫೋರ್ಕ್ ಕಾಲಿನ ಹೆಬ್ಬೆರಳಿಗೆ ಈಗಲೂ ಕೇಳಿಸುವುದಿಲ್ಲ. ಬೆನ್ನುಹುರಿ, ನರ ತಡವಾದಷ್ಟೂ ಕಡಿಮೆ ವಾಪಸ್ ಕೊಡುತ್ತವೆ. ಎಂಟು ತಿಂಗಳ ಲೆಕ್ಕ ಅಲ್ಲಿ ಉಳಿದಿದೆ. ಬಲಗೈ ನಡುಕ ಮೊದಲಿನಂತೆಯೇ.

ಕಾಲಿಗೆ ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಿದ್ದರು. "ಇದು ಜಾರಲ್ಲ ಡಾಕ್ಟ್ರೇ" ಅಂದರು. ಅಡಿಕೆ ಸುಲಿತಾರಾ ಅಂತ ಹೆಂಡತಿಯನ್ನು ಕೇಳಿದೆ.

"ಕೂರ್ತಾರೆ. ನಾನು ಎರಡು ಬುಟ್ಟಿ ಸುಲಿಯೋಷ್ಟರಲ್ಲಿ ಇವರದ್ದು ಅರ್ಧ ಬುಟ್ಟಿ" ಅಂದರು. ಆಮೇಲೆ ಧ್ವನಿ ಇಳಿಸಿ, "ಈಗ ಬಚ್ಚಲ ಚಿಲಕ ಹಾಕ್ಕೊಂಬಿಡ್ತಾರೆ. ಹೇಳಿದ್ರೆ ಕೇಳಲ್ಲ. ನಾನು ಹೊರಗೆ ನಿಂತು ನೀರಿನ ಸದ್ದು ಕೇಳ್ತಿರ್ತೀನಿ."